ಸೌರ ಫಲಕ ಅಳವಡಿಸಲು ಹೊರದೇಶಕ್ಕೆ: ಕುಟುಂಬ ತಂಡಗಳು ತಿಳಿಯಬೇಕಾದದ್ದು

ಸೌರ ಫಲಕ ಅಳವಡಿಸುವ ಸೇವೆಗಾಗಿ ಒಂದೇ ಕುಟುಂಬದವರು ತಂಡ ಕಟ್ಟಿಕೊಂಡು ಹೊರದೇಶಕ್ಕೆ ಹೊರಡುವಾಗ ಎರಡು ವಿಷಯ ಮುಖ್ಯ: ದಿಕ್ಕು ಮತ್ತು ದುರಸ್ತಿ.

ಬೀದರ್ ಜಿಲ್ಲೆಯ ಕೊಡಂಬಲ 17 ಮತ್ತು 18 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಇಲ್ಲಿ ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ, ಸುಮಾರು ಅಷ್ಟೇ ಡಿಗ್ರಿ ಓರೆಯಾಗಿ ಕೂರಿಸುತ್ತಾರೆ. ಸಮಭಾಜಕ ವೃತ್ತದ ದಕ್ಷಿಣಕ್ಕಿರುವ ಮಲಾವಿ, ಜಾಂಬಿಯಾಗಳಲ್ಲಿ ಫಲಕ ಉತ್ತರಕ್ಕೆ ನೋಡಬೇಕು. ಊರಿನ ಅಭ್ಯಾಸದಂತೆ ಕೂರಿಸಿದರೆ ವಿದ್ಯುತ್ ಕಡಿಮೆಯಾಗುತ್ತದೆ. ಸಮಭಾಜಕದ ಸಮೀಪ ಫಲಕ ಬಹುತೇಕ ಸಮತಟ್ಟಾಗಿದ್ದರೂ ಮಳೆನೀರು ಧೂಳನ್ನು ತೊಳೆದುಕೊಂಡು ಹೋಗುವಷ್ಟು ಓರೆ ಬೇಕು.

ಫಲಕ ಸಾಮಾನ್ಯವಾಗಿ 25 ವರ್ಷ ಬಾಳುತ್ತದೆ. ಬ್ಯಾಟರಿ ಅಷ್ಟು ಬಾಳುವುದಿಲ್ಲ. ತಂಡ ಮರಳಿದ ಮೇಲೆ ಬ್ಯಾಟರಿ ಕೆಟ್ಟರೆ ಮನೆ ಮತ್ತೆ ಕತ್ತಲು. ಇದನ್ನರಿತೇ ಹರೀಶ್ ಹಂದೆ 1995ರಲ್ಲಿ ಸ್ಥಾಪಕರಲ್ಲೊಬ್ಬರಾಗಿ ಕಟ್ಟಿದ ಸೆಲ್ಕೋ, ಕರ್ನಾಟಕದ ಹಳ್ಳಿಗಳಿಗೆ ಹತ್ತಿರದಲ್ಲೇ ಸೇವಾ ಕೇಂದ್ರಗಳನ್ನು ತೆರೆಯಿತು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜು ಆಫ್ರಿಕಾದ ಹಳ್ಳಿಗಳ ಮಹಿಳೆಯರನ್ನೇ ಕರೆಸಿ, ಸುಮಾರು ಆರು ತಿಂಗಳು ಕಲಿಸಿ ಕಳುಹಿಸಿತು.

ಆದ್ದರಿಂದ ಹೋಗುವ ತಂಡ ಫಲಕದ ಜೊತೆಗೆ ಆ ಊರಿನ ಇಬ್ಬರಿಗಾದರೂ ದುರಸ್ತಿ ಕಲಿಸಿ ಬರಬೇಕು. ಆಗ ಮಾತ್ರ ಮಾಡಿದ ಸೇವೆ ಉಳಿಯುತ್ತದೆ.