ಯಂತ್ರದ ಎಣಿಕೆಯೂ ಭಾಷಾಂತರದ ತೊಡಕೂ

ನಡೆದ ಆಜ್ಞೆಗಳೆಷ್ಟು, ಕಳೆದ ಗಡಿಯಾರದ ಮಿಡಿತಗಳೆಷ್ಟು ಎಂಬಿವೇ ಮೊದಲಾದುವನ್ನು ಎಣಿಸತಕ್ಕ ಕೆಲವು ಕೋಶಗಳು ಕಂಪ್ಯೂಟರಿನ ಪ್ರೊಸೆಸರಿನೊಳಗೇ ಇರುತ್ತವೆ. ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಇವನ್ನು ಓದುವುದಕ್ಕೆ ಮುಖ್ಯದ್ವಾರವಾದುದು ‘ಪರ್ಫ್ ಇವೆಂಟ್ ಓಪನ್’ ಎಂಬ ಕರೆ. ೨೦೦೯ರಲ್ಲಿ, ೨.೬.೩೧ನೆಯ ಆವೃತ್ತಿಯೊಡನೆ, ಇದು ‘ಪರ್ಫ್ ಕೌಂಟರ್ ಓಪನ್’ ಎಂಬ ಹೆಸರಿನಿಂದ ಹುಟ್ಟಿ, ಮರು ಆವೃತ್ತಿಯಲ್ಲಿಯೇ ಈಗಿನ ಹೆಸರನ್ನು ತಳೆಯಿತು.

ಈ ಕರೆಗೆ ಗ್ನೂ ಸಿ ಗ್ರಂಥಾಲಯದಲ್ಲಿ ಪ್ರತ್ಯೇಕವಾದ ಶಬ್ದವಿಲ್ಲ, ಸಂಖ್ಯೆಯಿಂದಲೇ ಕರೆಯಬೇಕು. ಆ ಸಂಖ್ಯೆಯಾದರೂ ಒಂದೇ ಅಲ್ಲ: ೬೪ ಬಿಟ್ಟಿನ ಎಕ್ಸ್೮೬ ಯಂತ್ರದಲ್ಲಿ ೨೯೮, ೬೪ ಬಿಟ್ಟಿನ ಆರ್ಮ್ ಯಂತ್ರದಲ್ಲಿ ೨೪೧. ಸಿ ಭಾಷೆಯ ಇಂತಹ ವ್ಯವಹಾರವನ್ನು ರಸ್ಟ್ ಮೊದಲಾದ ಅನ್ಯಭಾಷೆಗೆ ತರುವ ಸಂಧಾನಕ್ಕೆ ಬೈಂಡಿಂಗ್ ಎಂದು ಹೆಸರು. ಇದರಲ್ಲಿ ಎರಡು ಬಗೆ. ಸಿಯಲ್ಲಿರುವ ರೂಪವನ್ನು ಅಕ್ಷರಶಃ ತರುವುದು ಒಂದು. ಅದನ್ನು ತನ್ನ ಭಾಷೆಯ ಜಾಯಮಾನಕ್ಕೆ ಒಗ್ಗಿಸಿಕೊಳ್ಳುವುದು ಇನ್ನೊಂದು. ವ್ಯಾಕರಣವನ್ನು ಬಲ್ಲವರು ಮೊದಲನೆಯದನ್ನು ತತ್ಸಮವೆಂದೂ ಎರಡನೆಯದನ್ನು ತದ್ಭವವೆಂದೂ ತಿಳಿದರೆ ಬಾಧಕವಿಲ್ಲ. ಆದರೆ ತದ್ಭವದಲ್ಲಿ ವರ್ಣವು ಮಾರ್ಪಟ್ಟರೂ ಅರ್ಥವು ಸಾಮಾನ್ಯವಾಗಿ ನಿಲ್ಲುತ್ತದೆ. ಇಲ್ಲಿ ಒಂದು ಬಿಟ್ಟು ಕದಲಿದರೆ ಅರ್ಥವೇ ತಿರುಗಿಹೋಗುತ್ತದೆ.

ಅದು ಹೇಗೆಂದರೆ: ಏನನ್ನು ಎಣಿಸಬೇಕೆಂಬುದನ್ನು ಒಂದು ವಿನ್ಯಾಸದಲ್ಲಿ ತುಂಬಿ ಕರ್ನೆಲ್ಲಿಗೆ ಒಪ್ಪಿಸಬೇಕು. ಅದರ ಮೊದಲ ಅಳತೆ ೬೪ ಬೈಟು. ಬರಬರುತ್ತ ೭೨, ೮೦, ೯೬ ಎಂದು ಬೆಳೆಯಿತು. ಆದಕಾರಣ ತನ್ನ ಅಳತೆಯನ್ನು ತಾನೇ ಹೇಳಿಕೊಳ್ಳುವ ಒಂದು ಸ್ಥಾನವೂ ಅದರಲ್ಲಿದೆ. ರಸ್ಟ್ ಭಾಷೆಯು ಅಂಗಗಳ ಕ್ರಮವನ್ನು ತನ್ನಿಚ್ಛೆಯಂತೆ ಬದಲಿಸಬಹುದಾದ್ದರಿಂದ, ಸಿಯ ಕ್ರಮವನ್ನೇ ಪಾಲಿಸೆಂದು ಸ್ಪಷ್ಟವಾಗಿ ವಿಧಿಸಬೇಕು. ಇದಕ್ಕಿಂತ ಸೂಕ್ಷ್ಮವಾದುದು ಬಿಟ್ಟುಗಳ ಸಾಲು. ಸೊನ್ನೆಯಿಂದ ಎಣಿಸಿದರೆ ನಾಲ್ಕನೆಯದು ಬಳಕೆದಾರನ ಕೆಲಸವನ್ನು ಬಿಡು ಎನ್ನುತ್ತದೆ; ಐದನೆಯದು ಕರ್ನೆಲ್ಲಿನ ಕೆಲಸವನ್ನು ಬಿಡು ಎನ್ನುತ್ತದೆ. ರಸ್ಟಿನಲ್ಲಿ ಸಿಯಂತೆ ಬಿಟ್ಟುಗಳಿಗೆ ಹೆಸರಿಡುವ ರೂಢಿಯಿಲ್ಲವಾದ್ದರಿಂದ ಸ್ಥಾನವನ್ನು ಲೆಕ್ಕಹಾಕಿಯೇ ಬರೆಯಬೇಕಾಗುತ್ತದೆ. ಬೈಂಡ್‌ಜೆನ್ ಎಂಬ ಉಪಕರಣವು ಈ ಶ್ರಮವನ್ನು ತಾನೇ ವಹಿಸುತ್ತದೆ; ಕೈಯಿಂದ ಬರೆಯುವವರು ಎಡವುವುದು ಇಲ್ಲಿಯೇ.

ತಪ್ಪಿದ್ದರೆ ಯಂತ್ರವೇ ತೋರಿಸಲಾರದೆ ಎಂದು ಶಂಕಿಸಬಹುದು. ಸಾಮಾನ್ಯ ಬಳಕೆದಾರನಿಗೆ ಕರ್ನೆಲ್ಲನ್ನು ಅಳೆಯುವ ಅಧಿಕಾರವಿಲ್ಲದ ಕಡೆ ಅನುಮತಿಯಿಲ್ಲವೆಂಬ ಉತ್ತರವಾದರೂ ಬಂದೀತು. ಅಧಿಕಾರವುಳ್ಳವನಿಗೆ ಅದೂ ಇಲ್ಲ. ಕೇಳಿದ್ದಕ್ಕೆ ವಿರುದ್ಧವಾದ ಎಣಿಕೆ, ಸರಿಯಾದ ಎಣಿಕೆಯ ವೇಷದಲ್ಲಿಯೇ ಬಂದು ನಿಲ್ಲುತ್ತದೆ.

ಓದುವಾಗಲೂ ಇಂತಹುದೇ ತೊಡಕು. ಒಂಟಿ ಎಣಿಕೆಯನ್ನು ಓದಿದರೆ ಮೊದಲ ಎಂಟು ಬೈಟುಗಳೇ ಫಲ. ಗುಂಪಾಗಿ ಓದಿದರೆ ಮೊದಲು ಬರುವುದು ಗುಂಪಿನಲ್ಲಿ ಎಷ್ಟು ಎಣಿಕೆಗಳಿವೆಯೆಂಬ ಸಂಖ್ಯೆ. ಇದನ್ನರಿಯದ ಬೈಂಡಿಂಗು, ಯಾವ ಕೆಲಸವನ್ನು ಅಳೆದರೂ ಮೂರು ಮೂರೆಂದೇ ಹೇಳುತ್ತಿರಬಹುದು! ಇದನ್ನು ಕಂಡುಹಿಡಿಯುವುದು ಸುಲಭ, ಮುಂದಿನದು ಹಾಗಲ್ಲ.

ಕೋಶಗಳು ಕೆಲವೇ ಆದುದರಿಂದ, ಬೇಡಿಕೆ ಹೆಚ್ಚಾದರೆ ಕರ್ನೆಲ್ ಅವನ್ನು ಸರದಿಯಂತೆ ಹಂಚುತ್ತದೆ. ಎಣಿಕೆಯನ್ನು ಅಪೇಕ್ಷಿಸಿದ ಕಾಲ, ನಿಜವಾಗಿ ಎಣಿಸಿದ ಕಾಲ, ಎರಡನ್ನೂ ಕೇಳಿದವರಿಗೆ ಕೊಡುತ್ತದೆ. ೧೦ ಮಿಲಿಸೆಕೆಂಡುಗಳಲ್ಲಿ ೪ ಮಾತ್ರ ಎಣಿಸಿ ೨೦ ಲಕ್ಷ ಬಂದಿದ್ದರೆ, ಒಟ್ಟು ೫೦ ಲಕ್ಷವೆಂದು ಊಹಿಸಬೇಕು. ಇದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಅನೇಕ ಬೈಂಡಿಂಗುಗಳ ಸೊಗಸು ಒಂದೇ ಸಂಖ್ಯೆಯನ್ನು ಕೊಡುವುದರಲ್ಲಿದೆ. ಆ ಸೊಗಸಿಗಾಗಿ ಎರಡು ಕಾಲಗಳನ್ನೂ ಮರೆಮಾಡುವುದು ಯುಕ್ತವಲ್ಲ. ಎಣಿಸಿದ ಕಾಲವೇ ಸೊನ್ನೆಯಾಗಿದ್ದರೆ ಭಾಗಿಸುವುದಕ್ಕೂ ಬಾರದು. ಆಗ ಸೊನ್ನೆಯನ್ನು ಕೊಡದೆ, ಎಣಿಕೆಯೇ ನಡೆಯಲಿಲ್ಲವೆಂದು ತಿಳಿಸತಕ್ಕದ್ದು.