ಸೆಕೆಂಡ್ ಹ್ಯಾಂಡ್ ಇವಿ: ಬ್ಯಾಟರಿ ಲೆಕ್ಕ ನೋಡೇ ದುಡ್ಡು ಕೊಡಿ

ಯಲಹಂಕದಲ್ಲಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡ್ತಿದ್ದೀರಾ? ಮೀಟರ್ 100% ತೋರಿಸ್ತು ಅಂತ ಅಡ್ವಾನ್ಸ್ ಕೊಡಬೇಡಿ. ಅದು ಚಾರ್ಜ್ ಎಷ್ಟಿದೆ ಅಂತ ಹೇಳುತ್ತೆ, ಬ್ಯಾಟರಿ ಎಷ್ಟು ಸವೆದಿದೆ ಅಂತ ಹೇಳಲ್ಲ.

ಸವೆತ ತಿಳಿಯೋಕೆ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ, ಅಂದ್ರೆ ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಸಾಕೆಟ್‌ಗೆ, ಬ್ಲೂಟೂತ್ ಡಾಂಗಲ್ ಹಾಕಿ, ಆ ಮಾಡೆಲ್‌ಗೆ ಹೊಂದುವ ಆ್ಯಪ್ ತೆರೆಯಿರಿ.

ಮೊದಲು ಎಸ್‌ಓಎಚ್, ಅಂದ್ರೆ ಬ್ಯಾಟರಿಯ ಆರೋಗ್ಯ. 2020ರ ನೆಕ್ಸಾನ್ ಇವಿ ಬ್ಯಾಟರಿ ಹೊಸದರಲ್ಲಿ 30.2 ಯೂನಿಟ್. ಎಸ್‌ಓಎಚ್ 90% ಬಂದ್ರೆ, ಈಗ ಹಿಡಿಯೋದು ಸುಮಾರು 27.

ಆಮೇಲೆ ಸೆಲ್ ವೋಲ್ಟೇಜ್. ಹೆಬ್ಬಾಳ ಫ್ಲೈಓವರ್ ಏರುವಾಗ ಪಕ್ಕದಲ್ಲಿ ಕೂತವರು ಗಮನಿಸಲಿ. ಎಲ್ಲ ಸೆಲ್‌ಗಳೂ ಸ್ವಲ್ಪ ಇಳಿಯೋದು ಸಹಜ. ಒಂದೇ ಸೆಲ್ ಮಿಕ್ಕವಕ್ಕಿಂತ ತುಂಬಾ ಕುಸಿದ್ರೆ ಹುಷಾರು: ಆ ಸೆಲ್ ಸೋತಲ್ಲಿಗೆ ಇಡೀ ಪ್ಯಾಕ್ ನಿಲ್ಲುತ್ತೆ.

ಸ್ಕ್ರೀನ್‌ಶಾಟ್ ತೆಗೆದಿಟ್ಟು, ಸರ್ವಿಸ್ ಸೆಂಟರ್‌ನಿಂದ ಬ್ಯಾಟರಿ ರಿಪೋರ್ಟ್ ಕೇಳಿ ಪಡೆಯಿರಿ. ವ್ಯಾಪಾರದ ಮಾತು ಆಮೇಲೆ.