ಹುರಿಯಲ್ಲಿ ಸಿಕ್ಕಿದ ಸೂರ್ಯ

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಮುತ್ತಿನಕೊಪ್ಪದ ಕಡೆ ದಿನಗಟ್ಟಲೆ ಸೂರ್ಯನ ಮುಖ ಕಾಣದು. ಆಗ ಮಕ್ಕಳು ಜಗಲಿಯಲ್ಲಿ ಕುಳಿತು, ದಾರದ ತುದಿಗಳನ್ನು ಗಂಟಿಕ್ಕಿ, ಆ ಕುಣಿಕೆಯನ್ನು ಬೆರಳುಗಳಿಗೆ ತೊಡಿಸಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತ ಆಡುವುದುಂಟು. ಮಳೆ ಬಿಟ್ಟೊಡನೆ ಮರೆತುಹೋಗುವ ಆಟವಿದು. ಆದರೆ ಭೂಮಿಯ ಉತ್ತರದ ತುದಿಯಲ್ಲಿ ವಾಸಿಸುವ ಇನುಯಿಟ್ ಜನರಿಗೆ, ಎಂದರೆ ಹಿಂದಿನ ಪುಸ್ತಕಗಳು ಎಸ್ಕಿಮೊ ಎಂದು ಕರೆದವರಿಗೆ, ಇದು ಬರಿಯ ಆಟವಾಗಿರಲಿಲ್ಲ.

ಕೆನಡಾದ ಇಗ್ಲೂಲಿಕ್ ಪ್ರದೇಶದಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಜನವರಿಯ ನಡುವಿನವರೆಗೆ ಮೇಲೇಳುವುದಿಲ್ಲ. ಶರತ್ಕಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ಇಳಿಯತೊಡಗಿದಾಗ ಅಲ್ಲಿನವರು ಹುರಿಯಾಟಕ್ಕೆ ಕೂರುತ್ತಿದ್ದರು. ಹುರಿಯ ಬಲೆಯಲ್ಲಿ ಅವನ ಕಾಲು ಸಿಕ್ಕಿ, ಹೋಗುವುದು ತಡವಾದೀತೆಂಬ ಆಸೆಯಿಂದ. ಆದರೆ ಗಂಡುಹುಡುಗರಿಗೆ ಈ ಆಟ ನಿಷಿದ್ಧ. ಮುಂದೆ ಬೇಟೆಗಾರರಾದಾಗ ಅವರ ಬೆರಳುಗಳು ಈಟಿಯ ಹಗ್ಗಕ್ಕೆ ಸಿಕ್ಕಿಕೊಂಡಾವೆಂಬ ಭಯ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ತಿಮಿಂಗಿಲಕ್ಕೆ ಚುಚ್ಚಿದ ಈಟಿಯ ಹಗ್ಗದಲ್ಲಿ ಬೆರಳು ಸಿಕ್ಕಿಬಿದ್ದರೆ ಪ್ರಾಣವೇ ಹೋಗಬಹುದೆಂಬುದನ್ನು ನೆನೆದರೆ ಆ ಭಯದ ಅರ್ಥ ತಿಳಿಯುತ್ತದೆ.

ಹುರಿಯೆಂದರೆ ಪ್ರಾಣಿಯ ನರ ಅಥವಾ ಸೀಲ್ ಚರ್ಮದ ಪಟ್ಟಿ. ಅದರಲ್ಲಿ ಮೂಡುವುದು ಅವರ ಬದುಕೇ: ಪೊದೆಗಳ ನಡುವಿನ ಹಿಮಜಿಂಕೆ, ಗುಹೆಯ ಬಳಿಯ ಎರಡು ಕಂದು ಕರಡಿಗಳು. ಒಂದು ಎಳೆಯನ್ನು ಬಿಟ್ಟೊಡನೆ ಜಿಂಕೆ ಮಾಯವಾಗಿ ಕೈಯಲ್ಲಿ ಬರಿಯ ಕುಣಿಕೆ ಉಳಿಯುತ್ತದೆ. ಆದುದರಿಂದಲೇ ಈ ವಿದ್ಯೆಗೆ ಕುರುಹಿಲ್ಲ. ಕಲಿತ ಕೈ ಹೋದರೆ ಆಕೃತಿಯೂ ಹೋಯಿತು.

ಫ್ರಾನ್ಸ್ ಬೋವಾಸ್ ಎಂಬ ವಿದ್ವಾಂಸರು 1888ರಲ್ಲಿ ಇಂತಹ ಕೆಲವು ಆಕೃತಿಗಳನ್ನು ಮೊದಲು ಬರೆದಿಟ್ಟರು. ಯಾವ ಬೆರಳು, ಯಾವ ಎಳೆ, ಮೇಲಿಂದಲೋ ಕೆಳಗಿಂದಲೋ ಎಂದು ಹಂತಹಂತವಾಗಿ ಗುರುತಿಸುವ ಕ್ರಮವನ್ನು 1902ರಲ್ಲಿ ಹ್ಯಾಡನ್ ಮತ್ತು ರಿವರ್ಸ್ ರೂಪಿಸಿದರು. ಡೈಮಂಡ್ ಜೆನೆಸ್ ಅವರ ಕೆಲಸ ಇವೆಲ್ಲಕ್ಕಿಂತ ದೊಡ್ಡದು. ಪಪುವಾ ದ್ವೀಪಗಳಲ್ಲಿ ಹುರಿಯಾಟ ಕಲಿತಿದ್ದ ಅವರು 1913ರಲ್ಲಿ ಕಾರ್ಲುಕ್ ಹಡಗು ಹಿಮದಲ್ಲಿ ಸಿಕ್ಕಿಬಿದ್ದಾಗ ಬೇಟೆಗೆಂದು ಇಳಿದುಹೋದ ತಂಡದಲ್ಲಿದ್ದರು, ಹಡಗು ತೇಲಿಹೋಯಿತು. ಆ ಕತ್ತಲೆಯ ಚಳಿಗಾಲವನ್ನು ಅಲಾಸ್ಕದ ಉತ್ತರ ಕರಾವಳಿಯ ಮನೆಗಳಲ್ಲಿ ಕಳೆಯುತ್ತ ಅವರು ಆಕೃತಿಗಳನ್ನು ಸಂಗ್ರಹಿಸತೊಡಗಿದರು. 1924ರಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ ಸುಮಾರು ನೂರೈವತ್ತು ಆಕೃತಿಗಳಿವೆ. ಅವುಗಳಲ್ಲೊಂದನ್ನು ಅಲಾಸ್ಕದವರು ಅಳಿದುಹೋದ ಮಹಾಗಜವೆಂದು ಗುರುತಿಸುತ್ತಿದ್ದರು. ಜೀವಂತ ಆನೆಯ ನೆನಪು ಇದೆಂದು ಹೇಳಲು ನನಗೆ ಧೈರ್ಯವಿಲ್ಲ. ಅದರ ದಂತಗಳು ಆ ನೆಲದಲ್ಲಿ ಈಗಲೂ ದೊರೆಯುತ್ತವೆ.

ಅಲಾಸ್ಕದ ನಿಯಮ ಬೇರೆ. ಅಲ್ಲಿ ಸೂರ್ಯನಿಲ್ಲದಾಗ ಮಾತ್ರ ಆಟ. ಸೂರ್ಯ ಮರಳಿದೊಡನೆ ಹುರಿಯನ್ನು ಎತ್ತಿಡಬೇಕು. ಹಿಂದೊಮ್ಮೆ ಒಬ್ಬನು ಆಡುತ್ತಿದ್ದುದನ್ನು ಸೂರ್ಯನು ಕಂಡು ಕಚಗುಳಿಯಿಟ್ಟನಂತೆ.